‘ನಾನೇ ಸ್ವತಃ ಟೈಪ್ ಮಾಡಿದ್ದೇನೆ’

ನಾನು ದಿನಕ್ಕೆ ಇಪ್ಪತ್ತು, ಮೂವತ್ತು ಸಲ ಒಂದೇ ಸುಳ್ಳು ಹೇಳುತ್ತೇನೆ. ಅದೂ ನನ್ನ ಹೆಸರಿನಲ್ಲಲ್ಲ, ಬೇರೆಯವರ ಹೆಸರಿನಲ್ಲಿ. ಶಹಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಆನ್‌ಲೈನ್ ಅರ್ಜಿ ಹಾಕುವ ಅಂಗಡಿ ಇದೆ. ಜನ ಪ್ಲಾಸ್ಟಿಕ್ ಚೀಲದಲ್ಲಿ ಕಾಗದಪತ್ರ ತುಂಬಿಕೊಂಡು ಬರುತ್ತಾರೆ, ಸ್ಟೂಲಿನ ಮೇಲೆ ಕೂರುತ್ತಾರೆ, ಹೆಸರು, ಊರು, ಹುಟ್ಟಿದ ದಿನ ಹೇಳುತ್ತಾರೆ. ನಾನು ಟೈಪ್ ಮಾಡುತ್ತೇನೆ. ಕೊನೆಗೆ ಒಂದು ಸಣ್ಣ ಚೌಕ ಬರುತ್ತದೆ. ‘ಮೇಲಿನ ಎಲ್ಲವನ್ನೂ ನಾನೇ ಸ್ವತಃ ಭರ್ತಿ ಮಾಡಿದ್ದೇನೆ’ ಎಂದು ಅದರ ಪಕ್ಕ ಬರೆದಿರುತ್ತದೆ. ಅದರೊಳಗೆ ಟಿಕ್ ಹಾಕುವವನೂ ನಾನೇ. ಸ್ಟೂಲಿನ ಮೇಲೆ ಕೂತವರು ಆ ಹೊತ್ತಿಗೆ ಬಸ್ ಬಂತೇನೋ ಎಂದು ಹೊರಗೆ ನೋಡುತ್ತಿರುತ್ತಾರೆ.

ಇದು ಸುಳ್ಳು ಎಂದು ನನಗೂ ಅನ್ನಿಸುತ್ತಿರಲಿಲ್ಲ, ಅವರಿಗೂ ಅನ್ನಿಸುತ್ತಿರಲಿಲ್ಲ. ನಮ್ಮ ಕಡೆ ಅರ್ಜಿ ಹಾಕುವುದೆಂದರೇ ಹೀಗೆ. ದರ್ಜಿಗೆ ಬಟ್ಟೆ ಕೊಟ್ಟು ಅಂಗಿ ಹೊಲಿಸಿಕೊಂಡ ಹಾಗೆ, ವಿವರ ಕೊಟ್ಟು ಅರ್ಜಿ ಹೊಲಿಸಿಕೊಂಡು ಹೋಗುತ್ತಾರೆ. ಯಾದಗಿರಿಯಲ್ಲೂ ಹೀಗೇ, ಸುರಪುರದಲ್ಲೂ ಹೀಗೇ. ಮೇಲಿನ ಕಚೇರಿಯಲ್ಲಿ ಕೂತು ಆ ಚೌಕವನ್ನು ಎಣಿಸುವವರಿಗೂ ಇದು ಚೆನ್ನಾಗಿ ಗೊತ್ತು. ಗೊತ್ತಿದ್ದೂ ಆ ಚೌಕವನ್ನು ಇಟ್ಟಿದ್ದಾರಲ್ಲ, ನನ್ನ ಸಿಟ್ಟು ಶುರುವಾಗುವುದೇ ಅಲ್ಲಿಂದ.

ಮೊದಲು ನಾನು ಅಂಗಡಿಕಾರನಾಗಿರಲಿಲ್ಲ. ಸುರಪುರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿ ಒಂಬತ್ತು ವರ್ಷ ಜಾವಾ ಕಲಿಸಿದೆ. ಜಾವಾ ಎಂದರೆ ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆ. ಅದರಲ್ಲಿ ಪರದೆಯ ಮೇಲೆ ಬಟನ್ನು, ಪೆಟ್ಟಿಗೆ, ಪಟ್ಟಿ ಮಾಡುವ ಒಂದು ಹಳೆಯ ಭಾಗವಿದೆ. ಪಾಠದ ಪಟ್ಟಿಯನ್ನು ಯಾರೂ ಬದಲಿಸಿರಲಿಲ್ಲವಾದ್ದರಿಂದ ನಾನು ಅದನ್ನೇ ಕಲಿಸುತ್ತಿದ್ದೆ. ಹುಡುಗಿಯರು ನಗುತ್ತಿದ್ದರು. “ಸರ್, ಇದನ್ನ ಈಗ ಯಾರ್ ಬಳಸ್ತಾರ್ರಿ?” ಎಂದು ಹಿಂದಿನ ಬೆಂಚಿನಿಂದ ಕೇಳುತ್ತಿದ್ದರು. ಪರೀಕ್ಷೆಗೆ ಬರುತ್ತದೆ, ಸುಮ್ಮನೆ ಬರೆದುಕೊಳ್ಳಿ ಎನ್ನುತ್ತಿದ್ದೆ. ಒಂದು ಜೂನಿನಲ್ಲಿ ಅತಿಥಿಗಳ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ. ಅತಿಥಿ ಅಂದಮೇಲೆ ಎದ್ದು ಹೋಗಲೇಬೇಕಲ್ಲ, ಎದ್ದು ಬಂದೆ.

ಒಂದು ಶುಕ್ರವಾರ ಬೆಳಿಗ್ಗೆ ಆಕೆ ಅಂಗಡಿಗೆ ಬಂದಳು. ಇಪ್ಪತ್ತೆಂಟರ ಆಸುಪಾಸು ವಯಸ್ಸು, ಸಗರದವಳು, ಬಿ.ಎ. ಮಾಡಿದ್ದಾಳೆ. ಎರಡೂ ಕೈ ಮಣಿಕಟ್ಟಿನ ತನಕ ಮಾತ್ರ ಇವೆ. ಹುಟ್ಟಿದಾಗಿನಿಂದ ಹಾಗೇ. ಚೀಲವನ್ನು ಮೊಣಕೈಗೆ ತೂಗುಹಾಕಿಕೊಂಡಿದ್ದಳು. ಬಂದವಳೇ ಚೀಲವನ್ನು ಮೇಜಿನ ಮೇಲೆ ಇಳಿಸಿ, ಎರಡು ಮಣಿಕಟ್ಟಿನ ನಡುವೆ ಕಾಗದಗಳನ್ನು ಹಿಡಿದು ಒಂದೊಂದಾಗಿ ಹೊರಗೆ ತೆಗೆದಿಟ್ಟಳು. ನಾನು ಸಹಾಯ ಮಾಡಲು ಕೈ ಚಾಚಿದೆ. ಆಕೆ ಕಾಗದವನ್ನು ಸ್ವಲ್ಪ ತನ್ನ ಕಡೆಗೆ ಎಳೆದುಕೊಂಡಳು.

“ಅಣ್ಣಾರ, ನಮ್ಮ ಸಗರಕ್ಕ ವಾಚನಾಲಯ ಬರಾಕತ್ತೈತ್ರಿ. ನೋಡ್ಕೊಳ್ಳಾಕ ಒಬ್ರು ಬೇಕಂತ. ಅರ್ಜಿ ಹಾಕಬೇಕಾಗೈತಿ.”

“ಕುಂದರು ತಂಗಿ. ಹತ್ತ ನಿಮಿಷದಾಗ ಹಾಕಿಕೊಡ್ತೀನಿ.”

“ನೀವಲ್ಲರಿ, ನಾ ಹಾಕಬೇಕು. ನೀವು ಕಂಪ್ಯೂಟರ್ ಅಷ್ಟ ಕೊಡ್ರಿ.”

ನಾನು ನಕ್ಕಿರಬೇಕು. ಆಕೆ ನಗಲಿಲ್ಲ. ತನ್ನ ಮೊಬೈಲಿನಲ್ಲಿದ್ದ ಪ್ರಕಟಣೆಯನ್ನು ನನ್ನ ಮುಂದೆ ಇಟ್ಟು ಒಂದು ಸಾಲು ತೋರಿಸಿದಳು. ಹಳ್ಳಿಗಳಲ್ಲಿ ವಾಚನಾಲಯ ನಡೆಸುವ ಸಂಸ್ಥೆಯೊಂದರ ಪ್ರಕಟಣೆ ಅದು, ಹೆಸರು ಬೇಡ. ನಿಮ್ಮೂರಿನ ವಾಚನಾಲಯ ಹೇಗಿರಬೇಕು ಎಂದು ಮುನ್ನೂರು ಪದಗಳಲ್ಲಿ ಕನ್ನಡದಲ್ಲಿ ಬರೆಯಬೇಕು, ಅದನ್ನು ಅಭ್ಯರ್ಥಿಯೇ ಸ್ವತಃ ಟೈಪ್ ಮಾಡಬೇಕು, ಬೇರೆಡೆಯಿಂದ ನಕಲು ಮಾಡಿ ಅಂಟಿಸುವಂತಿಲ್ಲ ಎಂದು ಅದರಲ್ಲಿತ್ತು. ಮೇಲ್ಗಡೆ ದಪ್ಪ ಅಕ್ಷರದಲ್ಲಿ ಅಂಗವಿಕಲರಿಗೆ ಆದ್ಯತೆ ಎಂದೂ ಇತ್ತು. ಆ ಎರಡು ಸಾಲನ್ನು ಬರೆದವರು ಒಬ್ಬರೇ ಆಗಿದ್ದರೆ, ಒಂದನ್ನು ಬರೆಯುವಾಗ ಇನ್ನೊಂದು ಅವರ ನೆನಪಿನಲ್ಲಿ ಇರಲೇ ಇಲ್ಲ ಎಂದು ಅರ್ಥ.

“ಸ್ವತಃ ಅಂತ ಹೇಳ್ಯಾರ. ನಾ ಸ್ವತಃ ಮಾಡ್ತೀನಿ” ಎಂದಳು.

ಈ ಕೆಲಸ ಸಿಗದಿದ್ದರೆ ಏನು ಮಾಡುತ್ತೀ ಎಂದು ಸುಮ್ಮನೆ ಕೇಳಿದೆ. ಸಿಗದಿದ್ದರೆ ಕೊಂಕಲ್‌ನ ಅಕ್ಕನ ಮನೆಗೆ ಹೋಗಿ, ಅಕ್ಕ ಹೊಲಕ್ಕೆ ಹೋದಾಗ ಆಕೆಯ ಮಕ್ಕಳನ್ನು ನೋಡಿಕೊಂಡು ಇರಬೇಕೆಂದು ಮನೆಯಲ್ಲಿ ಮಾತಾಗಿದೆಯಂತೆ. ಈ ಹಿಂದೆ ಮೂರು ಕಡೆ ಸಂದರ್ಶನಕ್ಕೆ ಹೋಗಿದ್ದಳಂತೆ. ಮೂರೂ ಕಡೆ ಅವರು ಮೊದಲು ನೋಡಿದ್ದು ಕೈ, ಆಮೇಲೆ ಗಡಿಯಾರ. “ಈ ಸಲ ಮೊದಲು ನನ್ನ ಬರಹ ನೋಡ್ತಾರ. ಕೈ ಆಮ್ಯಾಗ ನೋಡ್ತಾರ. ಅದಕ್ಕ ಈ ಕೆಲಸ ನನಗ ಬೇಕಾಗೈತ್ರಿ ಅಣ್ಣಾರ.”

ಅಷ್ಟು ಹೇಳಿ ಕೀಲಿಮಣೆಯ ಮುಂದೆ ಕೂತಳು. ಮಣಿಕಟ್ಟುಗಳ ನಡುವೆ ಒಂದು ಪೆನ್ಸಿಲ್ ಹಿಡಿದು ಅದರ ತುದಿಯಿಂದ ಒಂದೊಂದೇ ಕೀಲಿ ಒತ್ತತೊಡಗಿದಳು. ತಪ್ಪಿಲ್ಲದೆ ಒತ್ತುತ್ತಿದ್ದಳು. ಆದರೆ ಆ ಪುಟ ಇಪ್ಪತ್ತೇ ನಿಮಿಷ ತೆರೆದಿರುತ್ತದೆ. ಆಕೆ ನಾಲ್ಕು ಸಾಲು ಮುಗಿಸುವಷ್ಟರಲ್ಲಿ ‘ನಿಮ್ಮ ಅವಧಿ ಮುಗಿದಿದೆ’ ಎಂದು ಬಂದು ಬರೆದದ್ದೆಲ್ಲ ಅಳಿಸಿಹೋಯಿತು. ಎರಡನೇ ಸಲವೂ ಹಾಗೇ ಆಯಿತು. ಮೊಬೈಲಿನಲ್ಲಿ ಮಾತಾಡಿ ಅಕ್ಷರ ಮೂಡಿಸುವುದನ್ನು ಮನೆಯಲ್ಲೇ ಮಾಡಿ ನೋಡಿದ್ದಳಂತೆ. ಪೆಟ್ಟಿಗೆಯೊಳಗೆ ಅಕ್ಷರ ಕಾಣುತ್ತಿದ್ದರೂ ‘ಈ ಪೆಟ್ಟಿಗೆ ಖಾಲಿ ಇದೆ’ ಎಂದು ಆ ಫಾರ್ಮು ಹೇಳಿತಂತೆ. ಅದು ಅಕ್ಷರಗಳನ್ನು ನೋಡುತ್ತಲೇ ಇರಲಿಲ್ಲ. ಕೀಲಿ ಕೆಳಗೆ ಹೋಯಿತು, ಕೀಲಿ ಮೇಲೆ ಬಂತು ಎಂಬ ಸುದ್ದಿಯನ್ನಷ್ಟೇ ಎಣಿಸುತ್ತಿತ್ತು. ಮುನ್ನೂರು ಪದ ಕಣ್ಣೆದುರಿಗೆ ಇದ್ದರೂ ಕೀಲಿಯ ಸುದ್ದಿ ಬರದಿದ್ದರೆ ಅದರ ಪಾಲಿಗೆ ಏನೂ ಇಲ್ಲ. ಈ ಫಾರ್ಮು ಮಾಡಿದ ಮಹಾನುಭಾವ ಯಾರೋ ನನಗೆ ಗೊತ್ತಿಲ್ಲ. ಸಿಕ್ಕರೆ ಕೂರಿಸಿಕೊಂಡು ಬೈಯುವುದಿದೆ.

ಆಗ ನನಗೆ ನನ್ನ ಹಳೆಯ ಪಾಠ ನೆನಪಾಯಿತು. ಜಾವಾದಲ್ಲಿ ರೋಬೋಟ್ ಎಂಬ ಒಂದು ಸೌಲಭ್ಯ ಇದೆ. ಹೆಸರು ದೊಡ್ಡದು, ಕೆಲಸ ಸಣ್ಣದು. ಯಾರೂ ಮುಟ್ಟದ ಕೀಲಿಯನ್ನು ಒತ್ತಿದ ಹಾಗೆ ಕಂಪ್ಯೂಟರನ್ನು ನಂಬಿಸುತ್ತದೆ, ಅಷ್ಟೇ. ಆಕೆ ತನ್ನ ಬರಹವನ್ನು ತನಗೆ ಬೇಕಾದಷ್ಟು ಹೊತ್ತು ಕೂತು ಒಂದು ಕಡೆ ಬರೆಯಲಿ. ಆಮೇಲೆ ಆ ಬರಹದ ಒಂದೊಂದು ಕೀಲಿಯನ್ನೂ ಈ ರೋಬೋಟ್ ಫಾರ್ಮಿನೊಳಗೆ ಒತ್ತಲಿ. ಕಾಲುವೆಯಲ್ಲಿ ನೀರು ನಿಲ್ಲಿಸಿಕೊಂಡು ಆಮೇಲೆ ಗೇಟು ಎತ್ತಿದ ಹಾಗೆ. ಮಾತು ಆಕೆಯದು, ಅಕ್ಷರ ಆಕೆ ಆರಿಸಿದ್ದು. ಬೆರಳಷ್ಟೇ ಜಾವಾದ್ದು.

“ಎರಡ ದಿನ ಕೊಡು ತಂಗಿ” ಎಂದೆ.

ಆ ಶನಿವಾರ, ಭಾನುವಾರ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂತೆ. ಹೋಟೆಲಿನವರು ಬಿಲ್ ಮಾಡಲು ಬಳಸಿ ಬಿಟ್ಟ ಹಳೆಯ ಟಚ್ ಸ್ಕ್ರೀನ್ ಒಂದು ನನ್ನ ಹತ್ತಿರ ಬಿದ್ದಿತ್ತು. ಅಂಚಿನಲ್ಲಿ ಇನ್ನೂ ಎಣ್ಣೆಯ ಕಲೆ. ಅದರ ಮೇಲೆ ಕನ್ನಡ ಅಕ್ಷರಗಳ ದೊಡ್ಡ ದೊಡ್ಡ ಬಟನ್ ಇರುವ ಒಂದು ಹಲಗೆ ಮಾಡಿದೆ. ಜಾವಾ ಕೊಡುವ ಸಿದ್ಧ ಬಟನ್ ಆಗುತ್ತಿರಲಿಲ್ಲ. ಮಣಿಕಟ್ಟು ಅಗಲ, ಪಕ್ಕದ ಬಟನ್ನಿಗೂ ತಾಗುತ್ತದೆ. ಅದಕ್ಕೆ ನನ್ನದೇ ಬಟನ್ ಬರೆದೆ. ಸವರಿದರೆ ಒತ್ತಿದಂತಲ್ಲ, ಒತ್ತಿ ಅರೆಕ್ಷಣ ನಿಂತರೆ ಮಾತ್ರ ಒತ್ತಿದಂತೆ. ಎರಡಕ್ಕೂ ತಾಗಿದರೆ ಯಾವುದರ ಮೇಲೆ ಹೆಚ್ಚು ಭಾಗ ಇದೆಯೋ ಅದೇ. ಒಂಬತ್ತು ವರ್ಷ ಯಾರಿಗೂ ಬೇಡವಾದದ್ದನ್ನು ಕಲಿಸಿದ್ದೆ. ಮೊದಲ ಸಲ ಅದು ಒಬ್ಬರಿಗೆ ಬೇಕಾಗಿತ್ತು. ಖುಷಿಯಾಗಿತ್ತು ಎಂದು ಹೇಳಲು ನಾಚಿಕೆ ಏನಿಲ್ಲ.

ಸೋಮವಾರ ಬಂದು ಕೂತಳು. ಮೊದಲ ದಿನ ತೊಂದರೆ ಮೇಲೆ ತೊಂದರೆ. ಕಂಪ್ಯೂಟರಿನಲ್ಲಿ ಯಾವ ಕಿಟಕಿ ಎಚ್ಚರವಾಗಿರುತ್ತದೋ ಅಕ್ಷರ ಅಲ್ಲಿಗೆ ಹೋಗುತ್ತದೆ. ಆಕೆ ನನ್ನ ಹಲಗೆಯನ್ನು ಮುಟ್ಟಿದ ಕೂಡಲೇ ಹಲಗೆ ಎಚ್ಚರವಾಗಿ, ಫಾರ್ಮು ಮಲಗಿಬಿಡುತ್ತಿತ್ತು. ಮುಟ್ಟಿದರೂ ಎಚ್ಚರವಾಗದ ಹಾಗೆ ಹಲಗೆಯನ್ನು ತಿದ್ದಿದೆ. ಆಮೇಲೆ ರೋಬೋಟಿನ ಆತುರ. ಕನ್ನಡದಲ್ಲಿ ಒತ್ತಕ್ಷರಕ್ಕೆ ಬೇರೆ ಕೀಲಿ, ದೀರ್ಘಕ್ಕೆ ಶಿಫ್ಟ್ ಜೊತೆ ಇನ್ನೊಂದು ಕೀಲಿ. ನನ್ನ ರೋಬೋಟ್ ಓಡುವ ಓಟಕ್ಕೆ ಫಾರ್ಮು ಅರ್ಧ ಕೀಲಿಗಳನ್ನು ಕೇಳಿಸಿಕೊಳ್ಳಲೇ ಇಲ್ಲ. ಪರೀಕ್ಷೆಗೆಂದು ಬಿಟ್ಟ ಎರಡು ಸಾಲಿನಲ್ಲಿ ಒತ್ತುಗಳೆಲ್ಲ ಉದುರಿಹೋಗಿದ್ದವು.

“ಅಣ್ಣಾರ, ನಿಮ್ಮ ರೋಬೋಟಿಗೆ ವಯಸ್ಸಾಗೈತಿ. ಹಲ್ಲ ಬಿದ್ದಾವು ನೋಡ್ರಿ” ಎಂದು ಆಕೆ ನಕ್ಕಳು. ಆ ನಾಲ್ಕು ದಿನದಲ್ಲಿ ಆಕೆ ಬಾಯ್ತುಂಬ ನಕ್ಕದ್ದು ಅದೊಂದೇ ಸಲ.

ಪ್ರತಿ ಕೀಲಿಯ ನಡುವೆ ಸ್ವಲ್ಪ ಬಿಡುವು ಕೊಟ್ಟೆ. ಒಂದೇ ಅಳತೆಯ, ಅಚ್ಚುಕಟ್ಟಾದ ಬಿಡುವು. ಈಗ ಒಂದು ಅಕ್ಷರವೂ ತಪ್ಪುತ್ತಿರಲಿಲ್ಲ.

ಸೋಮ, ಮಂಗಳ, ಬುಧ, ಮೂರು ದಿನ ಬೆಳಿಗ್ಗೆ ಹತ್ತರ ಬಸ್ಸಿಗೆ ಬಂದು ಮಧ್ಯಾಹ್ನದ ತನಕ ಬರೆದಳು. ನಾನು ಪಕ್ಕದಲ್ಲೇ ಬೇರೆಯವರ ಅರ್ಜಿ ಹಾಕುತ್ತಿದ್ದೆ. ಪ್ರತಿ ಸಾಲು ಮುಗಿದಾಗ ತಾನೇ ಒಮ್ಮೆ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ಹಾಗಾಗಿ ಆಕೆಯ ಬರಹ ನನಗೆ ಬಾಯಿಪಾಠವಾಯಿತು. ತನಗೆ ಪುಸ್ತಕ ಹಿಡಿಯಲು ಬರುವುದಿಲ್ಲ, ಅದಕ್ಕೆ ಮನೆಯಲ್ಲಿ ಹಳೆಯ ಹಲಗೆಯೊಂದನ್ನು ಗೋಡೆಗೆ ಓರೆಯಾಗಿ ನಿಲ್ಲಿಸಿ, ಪುಸ್ತಕ ಜಾರದಂತೆ ಕೆಳಗೆ ಒಂದು ಪಟ್ಟಿ ಬಡಿದು ಓದುತ್ತೇನೆ ಎಂದು ಬರೆದಿದ್ದಳು. ವಾಚನಾಲಯದಲ್ಲಿ ಕುರ್ಚಿ ಮೇಜು ಬೇಡ, ಗೋಡೆಯ ಉದ್ದಕ್ಕೂ ಇಂಥ ಓರೆ ಹಲಗೆ ಬೇಕು, ನೆಲದ ಮೇಲೆ ಕೂತವರಿಗೆ ಎಟುಕುವಷ್ಟು ಕೆಳಗೆ. ಹತ್ತಿ ಬಿಡಿಸಿ ಬೆರಳ ತುದಿ ಗೀರಿಕೊಂಡ ಹೆಂಗಸರು, ಕೈ ನಡುಗುವ ಮುದುಕರು, ಮಡಿಲಲ್ಲಿ ಕೂಸು ಇರುವ ತಾಯಿ, ಇವರು ಯಾರೂ ಪುಸ್ತಕ ಹಿಡಿಯಬೇಕಾಗಿಲ್ಲ, ಓದಿದರೆ ಸಾಕು. ಬೆಳಿಗ್ಗೆ ಬಾಗಿಲು ತೆರೆದು ಪ್ರಯೋಜನವಿಲ್ಲ, ಹೊಲದಿಂದ ಜನ ವಾಪಸ್ ಬರುವ ಹೊತ್ತಿಗೆ ತೆರೆಯಬೇಕು. ಹೀಗೆ ಹೋಗುತ್ತಿತ್ತು ಆ ಬರಹ. ನಾನು ಸಾವಿರಾರು ಅರ್ಜಿ ಹಾಕಿದ್ದೇನೆ. ಅದರಲ್ಲಿ ಓದಬೇಕೆನ್ನಿಸಿದ್ದು ಇದೊಂದು.

ಗುರುವಾರ ಹನ್ನೊಂದು ಗಂಟೆಗೆ ಫಾರ್ಮು ತೆರೆದೆವು. ಆಕೆ ಹಲಗೆಯ ಮೇಲಿನ ‘ಕಳಿಸು’ ಬಟನ್ನನ್ನು ಒತ್ತಿ ಹಿಡಿದಳು. ಅಕ್ಷರಗಳು ಒಂದರ ಹಿಂದೆ ಒಂದು ಮೂಡತೊಡಗಿದವು. ಹದಿನಾಲ್ಕು ನಿಮಿಷಕ್ಕೆ ಮುನ್ನೂರು ಪದ ಮುಗಿಯಿತು. ಕೆಳಗಿನ ಚೌಕದಲ್ಲಿ ‘ನಾನೇ ಸ್ವತಃ ಟೈಪ್ ಮಾಡಿದ್ದೇನೆ’ ಎಂದಿತ್ತು. ಮಣಿಕಟ್ಟಿನಿಂದ ಮೌಸ್ ಸರಿಸಿ ಟಿಕ್ ಹಾಕಿದಳು. ನನ್ನ ಅಂಗಡಿಯಲ್ಲಿ ಆ ಚೌಕಕ್ಕೆ ಬಿದ್ದ ಮೊದಲ ಖರೆ ಟಿಕ್ ಅದು.

ಪರದೆಯ ಮೇಲೆ ಕೆಂಪು ಅಕ್ಷರ ಬಂತು: ‘ನಿಮ್ಮ ಬರಹವನ್ನು ಯಂತ್ರದ ಮೂಲಕ ನಮೂದಿಸಿರುವುದು ಕಂಡುಬಂದಿದೆ. ಅರ್ಜಿಯನ್ನು ತಡೆಹಿಡಿಯಲಾಗಿದೆ.’

ಕಾರಣ ನನಗೆ ಕೂಡಲೇ ಹೊಳೆಯಿತು. ಫಾರ್ಮು ಕೀಲಿಗಳನ್ನಷ್ಟೇ ಅಲ್ಲ, ಕೀಲಿಗಳ ನಡುವಿನ ಬಿಡುವನ್ನೂ ಅಳೆಯುತ್ತಿತ್ತು. ಮನುಷ್ಯರು ಟೈಪ್ ಮಾಡುವಾಗ ತಡವರಿಸುತ್ತಾರೆ, ಅಳಿಸುತ್ತಾರೆ, ಕೆಮ್ಮುತ್ತಾರೆ. ನನ್ನ ರೋಬೋಟಿನ ಬಿಡುವು ಗಡಿಯಾರದ ಹಾಗೆ ಒಂದೇ ಸಮ. ಮೇಷ್ಟರ ಬುದ್ಧಿ, ಅಚ್ಚುಕಟ್ಟು ಮಾಡಲು ಹೋಗಿ ಸಿಕ್ಕಿಬಿದ್ದಿದ್ದೆ.

“ಅರ್ಧ ತಾಸು ತಡಿ ತಂಗಿ. ಬಿಡುವು ಹೆಚ್ಚುಕಮ್ಮಿ ಮಾಡ್ತೀನಿ. ನಡುವ ಎರಡ ಮೂರು ತಪ್ಪು ಮಾಡಿ, ಅಳಿಸಿ, ಮತ್ತ ಹೊಡಿಯೂ ಹಂಗ ಮಾಡ್ತೀನಿ. ಮನುಷ್ಯಾ ಹೊಡದಂಗ ಕಾಣ್ತೈತಿ.”

“ನಾ ಮನುಷ್ಯಾಳಲ್ಲೇನ್ರಿ?”

ಕೀಲಿಮಣೆಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ.

“ನಾ ಮಾಡಲಾರದ ತಪ್ಪು ನನ್ನ ಹೆಸರಿಗೆ ಯಾಕ ಹಚ್ಚತೀರಿ? ಮೂರು ದಿನ ಕುಂತು ಒಂದೂ ತಪ್ಪಿಲ್ಲಂಗ ಬರದೀನಿ. ಯಾದಗಿರ್ಯಾಗ ಅವ್ರ ಆಫೀಸ್ ಐತಿ. ಹೋಗಿ ಕೇಳೂಣ್ರಿ. ನಾವೇನು ಕಳ್ಳತನ ಮಾಡೀವೇನು?”

ಶುಕ್ರವಾರ ಟಚ್ ಸ್ಕ್ರೀನನ್ನು ಚಾದರದಲ್ಲಿ ಸುತ್ತಿ, ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿಕೊಂಡು ಯಾದಗಿರಿಯ ಬಸ್ ಹತ್ತಿದೆವು. ಭೀಮಾ ಸೇತುವೆ ದಾಟುವ ತನಕ ಆಕೆ ತಾನು ಹೇಳಬೇಕಾದದ್ದನ್ನು ತುಟಿಯಲ್ಲೇ ಹೇಳಿ ನೋಡುತ್ತಿದ್ದಳು.

ಆ ಸಂಸ್ಥೆಯ ಜಿಲ್ಲಾ ಸಂಯೋಜಕ ಎಂಬಾತ ಒಳ್ಳೆಯ ಮನುಷ್ಯನ ಹಾಗೆಯೇ ಇದ್ದ. ಎದ್ದು ನಿಂತು ಕುರ್ಚಿ ಎಳೆದುಕೊಟ್ಟ, ಚಹಾ ತರಿಸಿದ. ನಾನು ಸ್ಕ್ರೀನ್ ಜೋಡಿಸಿದೆ. ಆಕೆ ಅವನ ಮೇಜಿನ ಮೇಲೇ ತನ್ನ ಹೆಸರು, ತನ್ನ ಊರು, ತನ್ನ ಬರಹದ ಮೊದಲ ಸಾಲು ಒತ್ತಿ ತೋರಿಸಿದಳು. ಅವನು ಕಣ್ಣರಳಿಸಿ ನೋಡಿದ. ನೋಡುತ್ತ ನೋಡುತ್ತ ಜೇಬಿನಿಂದ ಮೊಬೈಲ್ ತೆಗೆದು ವಿಡಿಯೋ ಮಾಡತೊಡಗಿದ. ಆಕೆಯ ಮುಖವನ್ನಲ್ಲ, ಮಣಿಕಟ್ಟುಗಳನ್ನು.

“ಭಾರಿ ಐತ್ರಿ ಇದು! ನಮ್ಮ ಗ್ರೂಪಿನ್ಯಾಗ ಹಾಕ್ತೀನಿ. ಎಲ್ಲಾರಿಗೂ ಪ್ರೇರಣಾ ಸಿಗ್ತೈತಿ.”

“ವಿಡಿಯೋ ಆಮ್ಯಾಗ ಮಾಡ್ರಿ ಸಾಹೇಬ್ರ. ಆಕಿ ಅರ್ಜಿ ತಗೊಳ್ರಿ ಮೊದಲ” ಎಂದೆ. ನನ್ನ ದನಿ ಏರಿತ್ತು.

ಅವನು ಮೊಬೈಲ್ ಇಳಿಸಿ ಕೈ ಮುಗಿದ ಹಾಗೆ ಮಾಡಿದ. “ಅದು ನಮ್ಮ ಕೈಯಾಗಿಲ್ಲರಿ. ಸಿಸ್ಟಮ್ ಮಾಡಿದವ್ರು ಹೈದರಾಬಾದಿನ್ಯಾಗ ಅದಾರ. ಅದು ತಡದ್ರ ನಾವು ಬಿಡಿಸಾಕ ಬರಂಗಿಲ್ಲ. ನೀವೊಂದ ಕೆಲಸ ಮಾಡ್ರಿ. ಹೊಸ ಅರ್ಜಿ ತಗೀರಿ. ಇವರ ಕಡಿಂದ ಟೈಪ್ ಮಾಡ್ಸಿಬಿಡ್ರಿ, ಸರಳ ಹೋಗ್ತೈತಿ.” ಇವರು ಎಂದಾಗ ನನ್ನ ಕಡೆ ತೋರಿಸಿದ.

ಆಕೆ ಕೇಳಿದಳು: “ಮತ್ತ ಕೆಳಗ, ನಾನ ಸ್ವತಃ ಟೈಪ್ ಮಾಡೀನಿ ಅಂತ ಟಿಕ್ ಹಾಕಬೇಕಲ್ರಿ?”

“ಹಾಕ್ರಿ. ಎಲ್ಲಾರೂ ಹಾಕ್ತಾರ.”

“ಎಲ್ಲಾರಿಗೂ ಬೆರಳ ಅದಾವ್ರಿ. ಅವ್ರು ಸುಳ್ಳ ಹೇಳಿದ್ರ ನಡೀತೈತಿ. ನಾಳಿ ಸಂದರ್ಶನಕ್ಕ ಬಂದು ನಾ ನಿಮ್ಮ ಮುಂದ ಕುಂತ್ರ, ನಾ ಸುಳ್ಳ ಹೇಳೀನಿ ಅಂತ ಬಾಗಿಲದಾಗ ನಿಂತವ್ರಿಗೂ ಕಾಣ್ತೈತಿ. ಆಗ ನೀವ ಕೇಳ್ತೀರಿ, ಇದನ್ನ ಯಾರ ಹೊಡದ್ರವಾ ಅಂತ. ನಾ ಏನ್ ಹೇಳ್ಲಿ?”

ಅವನು ಲೋಟಗಳನ್ನು ನಮ್ಮ ಕಡೆ ಸರಿಸಿದ. ಚಹಾ ಆರುತ್ತದೆ, ಕುಡೀರಿ ಎಂದ. ಲೋಟ ಗಾಜಿನದು, ಸಣ್ಣದು, ತುಂಬಿ ತುಳುಕುತ್ತಿತ್ತು. ಆಕೆ ಅದನ್ನು ಮುಟ್ಟಲಿಲ್ಲ. ನಾನೂ ಮುಟ್ಟಲಿಲ್ಲ. ಇಳಿದು ಬರುವಾಗ ಮೆಟ್ಟಿಲಿನ ಮೇಲೆ ನಿಂತು ನಾನು ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಇಡೀ ಜಿಲ್ಲೆಯಲ್ಲಿ ಆ ಷರತ್ತನ್ನು ಅಕ್ಷರಶಃ ಪಾಲಿಸಿದವಳು ಇವಳೊಬ್ಬಳು. ಅವಳನ್ನೇ ಯಂತ್ರ ಎಂದಿದ್ದಾರೆ. ಅಂಗಡಿಕಾರರ ಕೈಲಿ ಬರೆಸಿಕೊಂಡು ಹೋದವರೆಲ್ಲ ಮನುಷ್ಯರು. ಅಭ್ಯರ್ಥಿಯ ಹತ್ತಿರ ಪ್ರಾಮಾಣಿಕತೆ ಕೇಳುತ್ತಾರೆ, ಅದನ್ನು ತಂದುಕೊಟ್ಟರೆ ತೂಕ ಮಾಡಲು ತಕ್ಕಡಿ ಇಲ್ಲ ಎನ್ನುತ್ತಾರೆ. ಆಕೆ ಮಾತ್ರ ಬೈಯಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಕಣ್ಣು ಮುಚ್ಚಿಕೊಂಡಳು.

“ನಾಳಿ ಐದು ಗಂಟಿಗೆ ಅರ್ಜಿ ಹಾಕಾಕ ಕಡಿ ಟೈಮು. ಮನಸ್ಸ ಬದಲಾದ್ರ ಬಾ ತಂಗಿ” ಎಂದು ಶಹಾಪುರದಲ್ಲಿ ಇಳಿಯುವಾಗ ಹೇಳಿದೆ. ಆಕೆ ಬರಲಿಲ್ಲ.

ಆ ಶನಿವಾರ ನಾನು ಮಾಡಿದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಕೊನೆಯ ದಿನವಾದ್ದರಿಂದ ಅಂಗಡಿಯ ಮುಂದೆ ಸಾಲು ನಿಂತಿತ್ತು. ಮಧ್ಯಾಹ್ನ ಒಬ್ಬ ಗಂಡಸು ಬಂದು ಸ್ಟೂಲಿನ ಮೇಲೆ ಕೂತ. ಮೂವತ್ತು ದಾಟಿದವನು, ಹೊರಗೆ ಗಾಡಿ ಚಾಲೂ ಇಟ್ಟು ಬಂದಿದ್ದ. ಅದೇ ವಾಚನಾಲಯದ ಅರ್ಜಿ. ಹೆಸರು ಹೇಳಿದ, ಹೊಡೆದೆ. ಊರು ಸಗರ ಎಂದ, ಹೊಡೆದೆ. ಊರಿನ ಹೆಸರು ಗಮನಿಸಲಿಲ್ಲ ಎಂದು ಈಗ ಹೇಳಿದರೆ, ಈ ಬರಹಕ್ಕೂ ಆ ಚೌಕಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಗಮನಿಸಿದ್ದೆ. ಆಕೆಯ ಅರ್ಜಿ ಹೇಗೂ ಹೋಗಿಲ್ಲವಲ್ಲ ಎಂದುಕೊಂಡೆ. ಸಾಲಿನಲ್ಲಿದ್ದವರು ಜಲ್ದಿ ಮಾಡ್ರಿ ಎನ್ನುತ್ತಿದ್ದರು.

“ಇಲ್ಲೇನೋ ಮುನ್ನೂರು ಪದ ಬರಿಬೇಕಂತಲ್ಲಪಾ, ವಾಚನಾಲಯ ಹೆಂಗಿರಬೇಕು ಅಂತ. ಏನ್ ಬರೀಲಿ?” ಎಂದು ಕೇಳಿದೆ.

“ಏನರ ಬರೀರಿ ಸರ್. ನಿಮಗ ಗೊತ್ತಿದ್ದಂಗ.”

ಎಲ್ಲರೂ ಹಾಗೇ ಹೇಳುತ್ತಾರೆ, ನಾನು ಬರೆಯುತ್ತೇನೆ. ಆದರೆ ಆ ದಿನ ನನ್ನ ತಲೆಯಲ್ಲಿ ವಾಚನಾಲಯದ ಬಗ್ಗೆ ಇದ್ದದ್ದು ಒಂದೇ ಬರಹ. ಮೂರು ದಿನ ಕಿವಿಗೆ ಬಿದ್ದದ್ದು. ಬೆರಳು ಓಡಿದವು. ಗೋಡೆಯುದ್ದಕ್ಕೂ ಓರೆ ಹಲಗೆ ಎಂದು ಬಂತು. ಹೊಲದಿಂದ ಜನ ವಾಪಸ್ ಬರುವ ಹೊತ್ತು ಎಂದು ಬಂತು. ಹತ್ತಿ ಬಿಡಿಸಿದ ಹೆಂಗಸರು ಬಂದರು, ಕೈ ನಡುಗುವ ಮುದುಕರು ಬಂದರು. ಅರ್ಧ ಬರೆದಾಗ ನಾನೇನು ಮಾಡುತ್ತಿದ್ದೇನೆ ಎಂದು ಗೊತ್ತಾಯಿತು. ಅಳಿಸಿ ಬೇರೆ ಬರೆಯಲು ಹೊತ್ತು ಬೇಕಿತ್ತು, ಗಾಡಿ ಹೊರಗೆ ಗುರುಗುಡುತ್ತಿತ್ತು, ಸಾಲು ಬೆಳೆಯುತ್ತಿತ್ತು. ಅಳಿಸಲಿಲ್ಲ. ಕೊನೆಗೆ ಚೌಕಕ್ಕೆ ಟಿಕ್ ಹಾಕಿದೆ. ಫಾರ್ಮು ಹಸಿರು ಅಕ್ಷರದಲ್ಲಿ ಧನ್ಯವಾದ ಹೇಳಿತು. ನನ್ನ ಹತ್ತು ಬೆರಳು ಏರುಪೇರಾಗಿ ಓಡಿ, ಎಡವಿ, ಅಳಿಸಿ ಹೊಡೆದಿದ್ದವು. ಆ ಫಾರ್ಮಿಗೆ ಮನುಷ್ಯನ ಗುರುತು ಎಂದರೆ ಅದೇ.

ಆಯ್ಕೆಯ ಪಟ್ಟಿ ಬಂದಾಗ ಸಗರದ ಮುಂದೆ ಅವನ ಹೆಸರಿತ್ತು. ಸಂಸ್ಥೆಯವರು ಮೆಚ್ಚಿಕೊಂಡ ಬರಹಗಳನ್ನು ತಮ್ಮ ಪುಟದಲ್ಲಿ ಹಾಕಿದ್ದರು. ಅದರಲ್ಲೂ ಅವನದು ಮೊದಲು. ನಾನು ಅದನ್ನು ನೋಡಿ ಪುಟ ಮುಚ್ಚಿದೆ. ಯಾದಗಿರಿಯ ಮೆಟ್ಟಿಲ ಮೇಲೆ ನಿಂತು ಬೈದಿದ್ದೆನಲ್ಲ, ಆ ಬೈಗುಳದಲ್ಲಿ ಅರ್ಧವನ್ನು ನಾನು ಇಟ್ಟುಕೊಳ್ಳಬೇಕಿತ್ತು. ಆಕೆ ಕೊಂಕಲ್‌ಗೆ ಹೋದಳು ಎಂದು ಯಾರೋ ಹೇಳಿದರು. ಫೋನ್ ಮಾಡಿ ಹೇಳಬೇಕು ಎಂದು ದಿನವೂ ಅಂದುಕೊಂಡೆ. ಮಾಡಲಿಲ್ಲ. ಅಂಜಿಕೆ.

ನಾಲ್ಕೈದು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಆಕೆಯೇ ಅಂಗಡಿಗೆ ಬಂದಳು. ಮುಖ ಸ್ವಲ್ಪ ಇಳಿದಿತ್ತು. ನಾನು ಎದ್ದು ನಿಂತೆ. ಏನು ಹೇಳಬೇಕೆಂದು ನಾಲಿಗೆಯ ತುದಿಯಲ್ಲಿ ಜೋಡಿಸುತ್ತಿದ್ದೆ, ಆಕೆಯೇ ಶುರು ಮಾಡಿದಳು.

“ಮೊನ್ನಿ ಊರಿಗೆ ಹೋಗಿದ್ದೆ ಅಣ್ಣಾರ. ವಾಚನಾಲಯ ನೋಡಿ ಬಂದೆ. ಗ್ವಾಡಿ ಉದ್ದಕ ಹಲಗಿ ಹೊಡದಾರ. ಕೆಳಗ ಪಟ್ಟಿ ಹಚ್ಚ್ಯಾರ. ಪುಸ್ತಕ ಜಾರಂಗಿಲ್ಲ. ಎರಡ ತಾಸು ಕುಂತು ಓದಿದೆ.”

“ತಂಗಿ, ಅದು...”

“ಗೊತ್ತೈತ್ರಿ. ಅವ್ರ ಪುಟದಾಗ ಓದೀನಿ. ಆ ಹೆಸರಿನಾಂವ ಹತ್ತಿ ಹೊಲದಾಗ ಕಾಲಿಟ್ಟಾಂವಲ್ಲ.” ದನಿ ಏರಿಸಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. “ಮೂರು ದಿನ ಗಟ್ಟಿಯಾಗಿ ಓದಕೊಂತ ಕುಂತಿದ್ದೆ. ಕೇಳೋರು ನೀವೊಬ್ರ ಇದ್ರಿ.”

ಹೌದು, ನಾನೇ ಬರೆದೆ ಎಂದೆ. ಬೇಕೆಂದು ಮಾಡಲಿಲ್ಲ ಎಂದೂ ಸೇರಿಸಬೇಕೆನ್ನಿಸಿತು, ಸೇರಿಸಲಿಲ್ಲ. ಅರ್ಧ ಬರೆದ ಮೇಲಿನದ್ದೆಲ್ಲ ಬೇಕೆಂದೇ ಮಾಡಿದ್ದು.

ಆಕೆ ಮೊಣಕೈಯಿಂದ ಚೀಲ ಇಳಿಸಿ, ಕಾಗದಗಳನ್ನು ಮೇಜಿನ ಮೇಲೆ ಇಟ್ಟಳು. ಸುರಪುರದ ಒಂದು ಶಾಲೆಯಲ್ಲಿ ಮಕ್ಕಳಿಗೆ ಓದಿ ಹೇಳುವವರು ಬೇಕಾಗಿದ್ದರು. ಇದಕ್ಕೂ ಆನ್‌ಲೈನ್ ಅರ್ಜಿ, ಇದಕ್ಕೂ ಒಂದು ಬರಹ. ಆ ಅಕ್ಷರದ ಹಲಗೆ ಇನ್ನೂ ಇದೆಯೇ ಎಂದು ಕೇಳಿದಳು. ಇದೆ ಎಂದು ಒಳಗಿಂದ ತಂದು, ಧೂಳು ಒರೆಸಿ, ಜೋಡಿಸಿ ಕೊಟ್ಟೆ. ಬಟನ್ನುಗಳು ಪರದೆಯ ಮೇಲೆ ಮೂಡಿದವು. ಆಕೆ ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡು ಕೂತಳು. ಪಕ್ಕದ ಕುರ್ಚಿಯಲ್ಲಿ ನಾನು ಕೂರಲು ಹೋದಾಗ ನನ್ನ ಕಡೆ ತಿರುಗಿದಳು.

“ಅಣ್ಣಾರ, ನಾ ಬರಿಯೂ ತನಕ ನೀವು ಹೊರಗ ಕುಂದರ್ರಿ.”

ನಾನು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತೆ. ಒಳಗೆ ಆಕೆ ಈ ಸಲ ಗಟ್ಟಿಯಾಗಿ ಓದಿಕೊಳ್ಳಲಿಲ್ಲ.